ನಾಲ್ಕು ಮನೆಯ ಏಣಿ

ಆಕೆಯ ಬಲಗೈ ತೋರುಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಎಡಗೈಯದೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಬೆರಳು ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪದದ ಕೆಳಗೆ ಸರಿಯುತ್ತಿದ್ದುದು ಮಾತ್ರ ನಿಜ. ವಿದ್ಯಾರಣ್ಯಪುರದ ನಮ್ಮ ರಸ್ತೆಯ ತುದಿಯಲ್ಲಿ ಆಕೆಯದು ಟೈಪಿಂಗ್ ಮತ್ತು ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ. ಊರು ಬಾಗಲಕೋಟೆ ಕಡೆ. ಬಡಾವಣೆಗೆಲ್ಲ ಅಕ್ಕ.

"ಏನೋ ಎರರ್ ಬಂತು, ಓಕೆ ಒತ್ಬಿಟ್ಟೆ" ಎಂದು ಯಾರಾದರೂ ಬಂದರೆ ಅಕ್ಕ ರೇಗುತ್ತಿದ್ದರು. "ಪತ್ರ ಬಂದ್ರ ಓದಲಾರದ ಹರಿದು ಒಗೀತೀರೇನ್ರಿ?"

ಅಮ್ಮನ ಕಂಪ್ಯೂಟರ್ ಹೊತ್ತು ನಾನು ಹೋದದ್ದು ಅಮ್ಮ ತೀರಿಕೊಂಡ ಎರಡನೇ ತಿಂಗಳು. ನಿವೃತ್ತಿಯ ನಂತರ ಅಮ್ಮ ದಿನಚರಿಯನ್ನು ಹಳೆಯದೊಂದು ಕನ್ನಡ ಪ್ರೋಗ್ರಾಂನಲ್ಲಿ ಟೈಪ್ ಮಾಡುತ್ತಿದ್ದಳು. ಅದು ಇದ್ದಕ್ಕಿದ್ದಂತೆ ತೆರೆಯುವುದನ್ನು ನಿಲ್ಲಿಸಿತ್ತು. ಯಾವುದೋ ಒಂದು ಫೈಲು ಕಾಣೆಯಾಗಿದೆ ಎನ್ನುತ್ತಿತ್ತು. ಜಕ್ಕೂರಿನ ಅಣ್ಣನಿಗೆ ಫೋನ್ ಮಾಡಿ, "ಅಮ್ಮನ ಕೊನೇ ಮಾತನ್ನೂ ನೀನು ಅಳಿಸಿಹಾಕಿದೆ" ಎಂದು ಕೂಗಿದ್ದೆ. ನಾನಲ್ಲ ಎಂದೂ ಅನ್ನದೆ ಅಣ್ಣ ಫೋನ್ ಇಟ್ಟ. ಆಮೇಲೆ ಬರಲೂ ಇಲ್ಲ.

ಅಕ್ಕ ನನ್ನಿಂದಲೇ ಆ ಸಂದೇಶವನ್ನು ಗಟ್ಟಿಯಾಗಿ ಎರಡು ಸಲ ಓದಿಸಿದರು.

"ನಿಮ್ಮ ಕನ್ನಡ ಪ್ರೋಗ್ರಾಂ ಕೆಟ್ಟಿಲ್ರಿ ಮೇಡಮ್ಮಾರ. ನಮ್ಮ ವಠಾರದಾಗ ನಾಲ್ಕು ಮನಿಗೆ ಒಂದ ಏಣಿ ಇತ್ತು. ಒಬ್ರು ಮನಿ ಖಾಲಿ ಮಾಡೂಮುಂದ ಅದನ್ನೂ ಹೇರ್ಕೊಂಡು ಹೋದ್ರು. ಮರುದಿನ ಟ್ಯಾಂಕ್ ತೊಳ್ಯಾಕ ಬಂದವ್ರು ಕೂಗ್ಯಾಡಿದ್ರು. ಕೂಗ್ಯಾಡೋರು ಇವ್ರು, ಒಯ್ದವ್ರು ಬ್ಯಾರೆ. ಇದೂ ಹಂಗ."

ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲು ಅದು. ಯಾರೋ ಬೇರೊಂದು ಪ್ರೋಗ್ರಾಂ ತೆಗೆಯುವಾಗ, ಈ ಫೈಲೂ ಹೋಗಲೇ ಎಂದು ಕಂಪ್ಯೂಟರ್ ಕೇಳಿದೆ. ಓದದೆ ಹೌದು ಒತ್ತಿದ್ದಾರೆ.

"ಆ ಒಂದು ಫೈಲನ್ನ ನೆಟ್‌ನಿಂದ ಇಳಿಸಿಕೊಂಡರೆ ಆಗಲ್ವಾ ಅಕ್ಕ?"

"ಹಾದ್ಯಾಗ ಬಿದ್ದ ಗುಳಿಗಿ ನುಂಗ್ತೀರೇನು?"

ಬಿಸ್ಕತ್ತಿನ ಡಬ್ಬಿಯಿಂದ ಮೂಲ ಸಿಡಿಯೊಂದನ್ನು ಹುಡುಕಿ ತೆಗೆದು, ಪ್ರೋಗ್ರಾಂ ಅನ್ನು ಹೊಸದಾಗಿ ಹಾಕಿದರು. ಡಬ್ಬಿ ನೀಲಿ ಎಂದು ಬರೆಯಲು ಹೊರಟಿದ್ದೆ, ಖಚಿತವಿಲ್ಲ. ಪರದೆಯ ಮೇಲೆ ಅಮ್ಮನ ಅಕ್ಷರಗಳು ಮೂಡಿದವು. ಮೊದಲು ಕಂಡ ಸಾಲು: "ಇವತ್ತು ಮಕ್ಕಳಿಬ್ಬರೂ ಬಂದಿದ್ದರು." ಅಕ್ಕ ಕುರ್ಚಿ ತಿರುಗಿಸಿ, ರಸ್ತೆ ನೋಡುತ್ತಾ ಕೂತರು.

ಅಮ್ಮ ಹೋದ ಮೇಲೆ ಕಂಪ್ಯೂಟರನ್ನು ಚೊಕ್ಕಟ ಮಾಡಲು ಕೂತವರು ನಾವಿಬ್ಬರು. ಒಂದು ಭಾನುವಾರ ಅಣ್ಣ ಬಂದು ಕೆಲವು ಪ್ರೋಗ್ರಾಂ ತೆಗೆದ. ಆ ಬುಧವಾರ ಒಬ್ಬಳೇ ಕೂತು ನಾನು ಇನ್ನು ಕೆಲವು ತೆಗೆದೆ. ಯಾರು ಯಾವುದನ್ನು ತೆಗೆದರೆಂದು ನನಗೆ ನೆನಪಿರಲಿಲ್ಲ. ಇದನ್ನು ಅಕ್ಕನಿಗೂ ಹೇಳಿದೆ.

"ಯಾವತ್ತು ತೆಗ್ದಾರ ಅಂತ ಮಷೀನ್‌ನಾಗ ಬರ್ಕೊಂಡಿರ್ತೈತಿ. ನೋಡ್ಲೇನು?"

"ಬೇಡ" ಎಂದುಬಿಟ್ಟೆ, ತಕ್ಷಣ.

ಅಕ್ಕ ಮೌಸಿನಿಂದ ಕೈ ತೆಗೆದರು. "ಬ್ಯಾಡ ಅಂದ್ರ ನಿನಗ ಗೊತ್ತೈತಿ ಅಂತ ಆತಲ್ಲ, ತಂಗಿ." ಅದುವರೆಗೂ ನನ್ನನ್ನು ಅವರು ಏಕವಚನದಲ್ಲಿ ಕರೆದಿರಲಿಲ್ಲ.

ಆಮೇಲೂ ನೆಪ ಮಾಡಿಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. "ಇವತ್ತ ಏನ್ ಕೆಡಿಸ್ಕೊಂಡ್ ಬಂದ್ಯವ್ವಾ?" ಎನ್ನುತ್ತಿದ್ದರು ಅಕ್ಕ. ಅಣ್ಣನ ಬಗ್ಗೆ ಮತ್ತೆ ಕೇಳಲಿಲ್ಲ. ಕೇಳಲಿ ಎಂದು ನಾನು ಕಾಯುತ್ತಿದ್ದೆನೇನೋ.

ಹೋದ ತಿಂಗಳು ಅಂಗಡಿಯ ಶಟರ್ ಇಳಿದಿತ್ತು. ಪಕ್ಕದ ಬೇಕರಿಯವರು ಹೇಳಿದರು: "ಅಕ್ಕ ಹೋಗ್ಬಿಟ್ರು ಕಣ್ರೀ. ಹಾರ್ಟು. ಊರಿಗೇ ತಗೊಂಡ್ ಹೋದ್ರು."

ಮನೆಗೆ ಬಂದು, ಅಂದು ಬೇಡವೆಂದಿದ್ದ ಆ ದಾಖಲೆಯನ್ನು ತೆರೆದು ನೋಡಿದೆ. ಅವರ ಹಾಗೆಯೇ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಬುಧವಾರ.

ಅಣ್ಣನಿಗೆ ಸಂದೇಶ ಕಳಿಸಿದೆ. ಓದಿದ್ದಾನೆ. ನಾನು ಕೇಳಿದ್ದು ಇಷ್ಟೇ:

"ನಾನೇ ಅಳಿಸಿದ್ದು ಅಂತ ನಿನಗೆ ಅವತ್ತೇ ಗೊತ್ತಿತ್ತಾ ಅಣ್ಣ?"