ಅಪ್ಪನ ನಡಿಗೆಯ ಬ್ಲೂಸ್

ಗಾಜಿನ ನಳಿಕೆಯನ್ನು ಬೆರಳಿಗೆ ಹಾಕಿಕೊಂಡು, ತಂತಿಯ ಮೇಲೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್ ನನ್ನದು. ಅಪ್ಪ ತೀರಿಕೊಂಡ ಮೇಲೆ ದುಃಖ ತೋಡಿಕೊಳ್ಳುವ ಬ್ಲೂಸ್ ಹಾಡುಗಳ ಒಂದು ಆಲ್ಬಮ್ ಮಾಡಲು ಜೆ.ಪಿ. ನಗರದಲ್ಲಿ ಸ್ಟುಡಿಯೋ ಹಿಡಿದೆ. ಜೊತೆಗೆ ನುಡಿಸಲು ಬಂದವರು ಆರ್ಕೆಸ್ಟ್ರಾಗಳಲ್ಲಿ ಪಳಗಿದ ಇಬ್ಬರು ಹಿರಿಯರು. ಡ್ರಮ್ಸಿಗೆ ನಂಜುಂಡಪ್ಪ, ಬೇಸ್ ಗಿಟಾರಿಗೆ ಅವರ ಹಳೇ ಜೊತೆಗಾರ ಡೇವಿಡ್.

ಅಪ್ಪನ ಮೇಲಿನ ಹಾಡನ್ನು ತುಂಬಾ ನಿಧಾನವಾಗಿ ಶುರು ಮಾಡಿದೆ. ಅರ್ಧಕ್ಕೇ ನಂಜುಂಡಪ್ಪ ಸ್ಟಿಕ್ಸ್ ಕೆಳಗಿಟ್ಟರು.

“ನಿಮ್ಮಪ್ಪ ಹೆಂಗೆ ನಡೀತಿದ್ರು ಮಗಾ?”

ನನಗೆ ರೇಗಿತು. ಆದರೂ ಹೇಳಿದೆ. “ಯಾವಾಗ್ಲೂ ಅವಸರ ಸಾರ್. ತಿಲಕ್ ನಗರದಿಂದ ಜಯನಗರಕ್ಕೆ ತರಕಾರಿ ತರೋಕೆ ಹೊರಟ್ರೆ ನಾನು ಹಿಂದೆ ಓಡ್ಬೇಕಿತ್ತು.”

“ಮತ್ತೆ ಈ ಹಾಡಲ್ಲಿ ಯಾಕೆ ಅವರನ್ನ ಕುಂಟಿಸ್ತಿದೀಯ?”

ನಾನು ಬೆರಳಿನ ನಳಿಕೆ ಸರಿಮಾಡಿಕೊಳ್ಳುವಷ್ಟರಲ್ಲಿ ಡ್ರಮ್ಸ್ ಅಪ್ಪನ ವೇಗದಲ್ಲಿ ಹೊರಟೇಬಿಟ್ಟಿತು. ಡೇವಿಡ್ ಕಣ್ಣು ಮುಚ್ಚಿಕೊಂಡೇ ಸೇರಿಕೊಂಡರು. ಇಬ್ಬರ ನಡುವೆ ಒಂದು ಸನ್ನೆಯೂ ಇಲ್ಲ. ನಾನು ಎಡವಿದಲ್ಲಿ ಕಾದು, ಮತ್ತೆ ಕೈಹಿಡಿದು ಎಳೆದುಕೊಂಡು ಹೋದರು. ಕಲಿತಿದ್ದೆಲ್ಲ ಮರೆತು ಅವರ ಹಿಂದೆ ಓಡಿದೆ. ನನ್ನ ಗಿಟಾರ್ ಹಾಗೆ ಕೂಗಬಲ್ಲದು ಅಂತ ನನಗೇ ಗೊತ್ತಿರಲಿಲ್ಲ. ಹಾಡು ನಿಂತಾಗ, ಅಪ್ಪ ಈಗಷ್ಟೇ ಮುಂದಿನ ತಿರುವು ದಾಟಿ ಹೋದ ಹಾಗಿತ್ತು.

ನಂಜುಂಡಪ್ಪ ಬೆವರು ಒರೆಸಿಕೊಂಡರು. “ಮುಂದಿನ ಹಾಡು ಯಾರ ಮೇಲೆ?”

“ನಮ್ಮಜ್ಜಿ ಮೇಲೆ ಸಾರ್. ನಡಿಗೆ ನೆನಪಿಲ್ಲ, ಜಗಳ ಮಾತ್ರ ಸಖತ್ತಾಗಿ ಆಡೋರು.”

“ಹಂಗಾದ್ರೆ ಇನ್ನೂ ಸ್ಪೀಡು!”

ದುಃಖದ ಆಲ್ಬಮ್ ಮಾಡಲು ಹೋಗಿದ್ದೆ. ಈಗ ಜನ ಅದಕ್ಕೆ ಕುಣಿಯುತ್ತಾರೆ. ನಮ್ಮ ಮನೆತನವೇ ಹಾಗಿದ್ದರೆ ನಾನೇನು ಮಾಡಲಿ!