ಎಳ್ಳ ಅಮಾವಾಸ್ಯೆಯಂದು ಬಂದ ವಿಮಾನ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸವದತ್ತಿಯಲ್ಲಿ ಕೃಷಿ ಅಧಿಕಾರಿಯಾಗಿದ್ದೆ. ನನ್ನ ಊರು ಮಂಡ್ಯದ ಕಡೆ. ಬಂದು ಒಂದೂವರೆ ವರ್ಷವಾಗಿತ್ತು, ರೊಟ್ಟಿ ರೂಢಿಯಾಗಿತ್ತು, ಈ ಸೀಮೆಯೆಲ್ಲ ನನಗೆ ಗೊತ್ತು ಎಂಬ ಹಮ್ಮು ಬಂದುಬಿಟ್ಟಿತ್ತು. ಈಗ ಹೇಳುವ ತಪ್ಪು ಹುಟ್ಟಿದ್ದು ಆ ಹಮ್ಮಿನಿಂದಲೇ.

ಸರ್ಕಾರ ವಿಮಾನಯಾನದ ಬಾಗಿಲನ್ನು ಖಾಸಗಿಯವರಿಗೆ ತೆರೆದಿದ್ದ ಕಾಲ ಅದು. ದೊಡ್ಡ ವಿಮಾನಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಒಬ್ಬನೇ ಕೂರುವ, ಹಳದಿ ಬಣ್ಣದ ಒಂದು ಸಿಂಪರಣೆ ವಿಮಾನ. ಆ ವರ್ಷ ಹತ್ತಿಗೆ ಕಾಯಿಕೊರಕ ಹುಳು ವಿಪರೀತ ಬಿದ್ದಿತ್ತು. ಹಳೆಯ ವಿಮಾನಗಳು ಔಷಧಿಯನ್ನು ಮಳೆಯಂತೆ ಸುರಿದರೆ, ಇದರ ರೆಕ್ಕೆಯ ಕೆಳಗೆ ಗಿರಗಿರ ತಿರುಗುವ ಜಾಲರಿಯ ಡಬ್ಬಿಗಳಿದ್ದವು. ಅವು ಔಷಧಿಯನ್ನು ಮಂಜಿನಷ್ಟು ಸಣ್ಣ ಹನಿ ಮಾಡುತ್ತಿದ್ದವು, ಸ್ವಲ್ಪ ಔಷಧಿ ಬಹಳ ಹೊಲಕ್ಕೆ ಸಾಕಾಗುತ್ತಿತ್ತು. ನಮ್ಮ ತಾಲೂಕಿನಲ್ಲಿ ಪ್ರಯೋಗ ಗೆದ್ದರೆ ಬೈಲಹೊಂಗಲ, ರಾಮದುರ್ಗಕ್ಕೂ ಯೋಜನೆ ಹೋಗುವುದಿತ್ತು. ಗೆಲ್ಲಿಸಿದ ಹೆಸರು ನನಗೆ ಬರಲಿ ಎಂಬ ಆಸೆ ನನ್ನದು.

ವಿಮಾನ ನೆಲದಿಂದ ಎರಡಾಳೆತ್ತರದಲ್ಲಿ ಹಾರುವಾಗ ಪೈಲಟ್‌ಗೆ ಹೊಲದ ಮೇರೆ ತಿಳಿಯುವುದಿಲ್ಲ. ಅದಕ್ಕಾಗಿ ಹೊಲದ ತುದಿಯಲ್ಲಿ ಬಿಳಿ ಬಾವುಟ ಹಿಡಿದ ಒಬ್ಬನನ್ನು ನಿಲ್ಲಿಸುತ್ತಿದ್ದೆವು. ಪೈಲಟ್ ಬಾವುಟಕ್ಕೆ ನೇರ ಹಿಡಿದು ಬರುತ್ತಾನೆ, ದಾಟುತ್ತಾನೆ. ಬಾವುಟದವನು ಹದಿನೈದು ಹೆಜ್ಜೆ ಸರಿದು ಮತ್ತೆ ನಿಲ್ಲುತ್ತಾನೆ. ಇಬ್ಬರ ನಡುವೆ ವೈರ್‌ಲೆಸ್ ಇರಲಿಲ್ಲ, ಬಾವುಟವೇ ಮಾತು.

ದೆಹಲಿಯಿಂದ ಹಾರಾಟದ ಅನುಮತಿ ಬಂತು. ಅದರಲ್ಲಿ ಮೂರು ದಿನಾಂಕಗಳಿದ್ದವು, ಯಾವುದನ್ನಾದರೂ ನಾವು ಆರಿಸಿಕೊಳ್ಳಬಹುದಿತ್ತು. ಕ್ಯಾಲೆಂಡರ್ ನೋಡಿದೆ. ಒಂದು ದಿನ ಅಮಾವಾಸ್ಯೆ. ಇಲ್ಲಿಯವರು ಅಮಾವಾಸ್ಯೆಯಂದು ಹೊಲದ ಕೆಲಸಕ್ಕೆ ಎತ್ತು ಹೂಡುವುದಿಲ್ಲ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಹೊಲವೆಲ್ಲ ಖಾಲಿ ಇರುತ್ತದೆ, ಇದಕ್ಕಿಂತ ಸುರಕ್ಷಿತ ದಿನ ಯಾವುದು ಎಂದು ಅದನ್ನೇ ಗೊತ್ತು ಮಾಡಿದೆ.

ಮನೋಳಿಯ ಆಚೆ ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಸಭೆ ಕರೆದೆ. ಊರಿನ ಹೆಸರು ಬರೆಯುವುದಿಲ್ಲ, ಆ ಜನ ನನ್ನ ಹೆಸರನ್ನು ಎಲ್ಲಿಯೂ ದೂರಿ ಬರೆದವರಲ್ಲ. ಊರಿನ ವಾಲೀಕಾರ ಫಕೀರಪ್ಪ ಬಾಗಿಲ ಹತ್ತಿರ ನಿಂತಿದ್ದ. ಡಂಗುರ ಸಾರುವುದು, ಸರ್ಕಾರದ ಕಾಗದ ಮುಟ್ಟಿಸುವುದು ಅವನ ಕೆಲಸ. ಅವನ ಅಪ್ಪ, ಅಜ್ಜ ಎಲ್ಲರೂ ಅದನ್ನೇ ಮಾಡಿದವರು. ಬಾವುಟ ಹಿಡಿಯಲೂ ಅವನನ್ನೇ ಗೊತ್ತು ಮಾಡಿದ್ದೆ. ನಾನು ದಿನ ಹೇಳಿದ ಕೂಡಲೇ ಅವನು ಒಂದು ಹೆಜ್ಜೆ ಮುಂದೆ ಬಂದ.

“ಸಾಹೇಬ್ರ, ಅಮಾಸಿ ದಿನ ಮಾತ್ರ ಬ್ಯಾಡ್ರಿ. ಆ ದಿನ ಮಂದಿ...”

“ವಿಮಾನಕ್ಕೆ ಅಮಾವಾಸ್ಯೆ ಹುಣ್ಣಿಮೆ ಇಲ್ಲ ಫಕೀರಪ್ಪ, ಹೆದರಬೇಡ,” ಎಂದೆ. ನನ್ನ ಜೊತೆ ಬಂದಿದ್ದವರು ನಕ್ಕರು. ನಾನೂ ನಕ್ಕೆ. ಅವನು ಹಿಂದೆ ಸರಿದು ನಿಂತ. ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸಾಹೇಬರ ಮಾತಿಗೆ ಎದುರಾಡಲಿಲ್ಲ.

ಅದು ಎಳ್ಳ ಅಮಾವಾಸ್ಯೆ. ಈ ಸೀಮೆಯಲ್ಲಿ ಅಂದು ಹೊಲದ ಕೆಲಸಕ್ಕೆ ಎತ್ತು ಹೂಡುವುದಿಲ್ಲ, ನಿಜ. ಆದರೆ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ ಒಯ್ದು, ಬೆಳೆಗೆ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಮೊದಲ ತುತ್ತು ಹಾಕಿ, ಅಲ್ಲೇ ಕೂತು ಉಣ್ಣುತ್ತದೆ. ವರ್ಷದಲ್ಲಿ ಹೊಲಗಳು ಅತಿ ಹೆಚ್ಚು ತುಂಬಿರುವ ದಿನವನ್ನೇ ನಾನು ಖಾಲಿ ದಿನವೆಂದು ಆರಿಸಿದ್ದೆ.

ಫಕೀರಪ್ಪ ಎರಡು ದಿನ ಡಂಗುರ ಸಾರಿದ. ಮನೆಮನೆಗೆ ಹೋಗಿ, ವಿಮಾನ ನಸುಕಿನಲ್ಲಿ ಬಂದು ಹೋಗುತ್ತದೆ, ಅಂದು ಔಷಧಿ ಹೊಡೆಯುವ ಭಾಗದ ಹೊಲ ಬಿಟ್ಟು ಗುಡಿಯ ಹತ್ತಿರ ಚರಗ ಚೆಲ್ಲಿರಿ ಎಂದು ಕೈಮುಗಿದನಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಅಂದು ಬೆಳಿಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು, ಒಂಬತ್ತಾದರೂ ಕರಗಲಿಲ್ಲ. ಅನುಮತಿ ಮಧ್ಯಾಹ್ನದವರೆಗೆ ಮಾತ್ರ. ನಾಲ್ಕು ಮೈಲಿ ದೂರದ ಗಟ್ಟಿ ಮರಡಿಯ, ಅಂದರೆ ಕಲ್ಲುನೆಲದ ದಿಣ್ಣೆಯ ಮೇಲೆ ಮಾಡಿಕೊಂಡಿದ್ದ ಓಡುದಾರಿಯಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದೆ. ಹತ್ತೂವರೆಗೆ ಮಂಜು ಸರಿಯಿತು, ಹಾರಿ ಎಂದೆ. ಅಷ್ಟೊತ್ತಿಗೆ ಜನ, ವಿಮಾನ ಬರಲಿಕ್ಕಿಲ್ಲವೆಂದು ಗಾಡಿ ಹೂಡಿ ತಮ್ಮ ತಮ್ಮ ಹೊಲಕ್ಕೆ ಬಂದಿದ್ದರು.

ಎರಡು ಸಾಲು ಸರಿಯಾಗಿಯೇ ಆಯಿತು. ಮೂರನೆಯದಕ್ಕೆ ವಿಮಾನ ದೂರದಲ್ಲಿ ತಿರುಗುತ್ತಿದ್ದಾಗ, ಪಕ್ಕದ ಬದುವಿನ ಆಚೆ ಹೆಂಗಸರು ಮಕ್ಕಳು ಬುತ್ತಿ ಬಿಚ್ಚಿ ಕೂತಿರುವುದು ಫಕೀರಪ್ಪನಿಗೆ ಕಂಡಿತು. ಏಳಿರಿ, ಓಡಿರಿ ಎಂದು ಕೂಗುತ್ತ ಅವರ ಕಡೆಗೆ ಓಡಿದ. ಗಾಬರಿಯಲ್ಲಿ ಬಾವುಟ ಕೈಯಲ್ಲೇ ಉಳಿಯಿತು. ಪೈಲಟ್ ತನಗೆ ಕಲಿಸಿದಂತೆ ಬಾವುಟಕ್ಕೆ ನೇರ ಹಿಡಿದ.

ಹನ್ನೊಂದು ಜನರನ್ನು ಟ್ರ್ಯಾಕ್ಟರಿನಲ್ಲಿ ಸವದತ್ತಿಯ ಆಸ್ಪತ್ರೆಗೆ ತಂದರು. ವಾಂತಿ, ಕಣ್ಣುರಿ, ಉಸಿರು ಕಟ್ಟುವುದು. ದೇವರ ದಯೆ, ನಾಲ್ಕು ದಿನದಲ್ಲಿ ಎಲ್ಲರೂ ಮನೆಗೆ ಹೋದರು. ಬಾಯಿಗೆ ಹಾಕಿಕೊಳ್ಳಬೇಕಿದ್ದ ಕಡುಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದಿದ್ದ ಒಂದು ಪುಟ್ಟ ಹುಡುಗಿಯ ಕೈಯನ್ನು ನರ್ಸ್ ಬಿಡಿಸಿದ್ದನ್ನು ನಾನು ನೋಡಿದೆ. ಅದನ್ನು ಇನ್ನೂ ಮರೆತಿಲ್ಲ.

ವರದಿ ಬರೆಯುವ ಕೆಲಸ ನನ್ನದೇ. ಡಂಗುರ ಸಾರಿದರೂ ಜನ ಹೊಲಕ್ಕೆ ಬಂದರು ಎಂದು ಬರೆದೆ. ಬಾವುಟದವನು ನಿಂತ ಜಾಗ ಬಿಟ್ಟು ಬಾವುಟ ಸಮೇತ ಓಡಿದ್ದರಿಂದ ಪೈಲಟ್ ದಾರಿ ತಪ್ಪಿದರು ಎಂದು ಬರೆದೆ. ಒಂದು ಅಕ್ಷರವೂ ಸುಳ್ಳಲ್ಲ. ಮೂರು ದಿನಾಂಕಗಳಲ್ಲಿ ಅಮಾವಾಸ್ಯೆಯನ್ನು ಆರಿಸಿದವನು ನಾನು, ಬೇಡವೆಂದವನ ಮಾತನ್ನು ನಡುವೆಯೇ ಕತ್ತರಿಸಿದವನು ನಾನು ಎಂಬುದನ್ನು ಮಾತ್ರ ಬರೆಯಲಿಲ್ಲ. ಅಕ್ಷರಗಳು ದುಂಡಗೆ ಬಂದಿದ್ದವು.

ಆ ವರದಿಗೆ ಹೆಬ್ಬೆಟ್ಟು ಒತ್ತಲು ಫಕೀರಪ್ಪನನ್ನು ಕಚೇರಿಗೆ ಕರೆಸಿದೆ. ಶಾಯಿಯ ಪ್ಯಾಡಿನ ಮೇಲೆ ಬೆರಳಿಟ್ಟವನು ತಡೆದು ಕೇಳಿದ.

“ನಾ ಮೊದಲ ಬ್ಯಾಡಂತ ಹೇಳಾಕ ಬಂದಿದ್ನಿ. ಅದನ್ನೂ ಬರದೀರಿಲ್ರಿ ಸಾಹೇಬ್ರ?”

“ಬರ್ದಿದೀನಿ,” ಎಂದೆ.

ಅವನು ನಂಬಿ ಒತ್ತಿದ. ಒಂದೂವರೆ ತಿಂಗಳಿಗೆ ಅವನನ್ನು ಕೆಲಸದಿಂದ ತೆಗೆದರು. ನನಗೆ ಎಚ್ಚರಿಕೆಯ ಪತ್ರವೂ ಬರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಾನು ಬಡ್ತಿ ಪಡೆದು ಬೈಲಹೊಂಗಲಕ್ಕೆ ಬಂದೆ. ವೈಮಾನಿಕ ಸಿಂಪರಣೆಗೆ ಹೊಸ ಸೂಚನೆಗಳನ್ನು ಮಾಡಲು ಮೇಲಿನ ಕಚೇರಿ ಅನುಭವಸ್ಥರ ಸಲಹೆ ಕೇಳಿತು. ದಿನ ಗೊತ್ತು ಮಾಡುವ ಮೊದಲು ಊರಿನ ಹಬ್ಬ, ಆಚರಣೆಗಳನ್ನು ಊರಿನವರ ಬಾಯಿಂದಲೇ ಕೇಳಿ ತಿಳಿಯಬೇಕು ಎಂದು ಬರೆದು ಕಳಿಸಿದೆ. ಬಹಳ ಉಪಯುಕ್ತ ಸಲಹೆ ಎಂದು ಮೆಚ್ಚಿದರು. ಆ ಸಲಹೆ ಫಕೀರಪ್ಪನದು. ಅವನ ಕೆಲಸ ಹೋಗುವಂತೆ ಮಾಡಿದ್ದಲ್ಲದೆ, ಅವನ ಮಾತನ್ನೂ ನನ್ನದಾಗಿ ಮಾಡಿಕೊಂಡಿದ್ದೆ.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಎಲ್ಲ ಹೇಳಿಬಿಡುತ್ತೇನೆಂದು ನಿರ್ಧರಿಸಿ ಆ ಊರಿಗೆ ಹೋದೆ. ಫಕೀರಪ್ಪ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಕೂದಲು ನರೆತಿತ್ತು, ಗುರುತು ಹಿಡಿದ. ಹೊಲದಲ್ಲಿ ಕಂಬಳಿ ಹಾಸಿ ಕೂರಿಸಿ, ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಕೊಟ್ಟ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಳಿಯನಿಗೆ ನನ್ನನ್ನು ಪರಿಚಯಿಸಿದ.

“ಇವ್ರ ನೋಡಪಾ ಆ ಸಾಹೇಬ್ರು. ಇವ್ರು ಎಲ್ಲಾ ಖರೇನ ಬರದಿದ್ರು. ಮ್ಯಾಲಿನವ್ರು ಪೂರಾ ಓದಲಿಲ್ಲ, ಇವ್ರೇನ್ ಮಾಡ್ಯಾರು?”

ನಾನು ರೊಟ್ಟಿ ಮುರಿದುಕೊಂಡು ಉಂಡೆ. ಇನ್ನೊಮ್ಮೆ ಬಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನು ತೀರಿಕೊಂಡ ಸುದ್ದಿ ಬಂತು.

ಎದುರಿಗೆ ನಿಂತವನ ಮಾತು ಪೂರ್ತಿಯಾಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದನ್ನೂ ಇನ್ನೊಬ್ಬನ ಬದುಕನ್ನು ತೆತ್ತು ಕಲಿತೆ. ವರದಿಯಲ್ಲಿ ಬಿಟ್ಟುಹೋದ ಸಾಲನ್ನು ಈಗ ಸೇರಿಸುತ್ತಿದ್ದೇನೆ: ಅಮಾವಾಸ್ಯೆ ಬೇಡವೆಂದು ಫಕೀರಪ್ಪ ಮೊದಲೇ ಹೇಳಿದ್ದ, ನಾನು ಕೇಳಲಿಲ್ಲ.