ಷರಾದಲ್ಲಿ ಒಂದು ಎತ್ತು

ನೀಲವ್ವ ಯಾವ ಕಾಗದವನ್ನೂ ಒಬ್ಬರಿಂದ ಓದಿಸಿ ಸುಮ್ಮನಾಗುತ್ತಿರಲಿಲ್ಲ. ಇಬ್ಬರಿಂದ ಓದಿಸಬೇಕು, ಆ ಇಬ್ಬರೂ ಒಬ್ಬರನ್ನೊಬ್ಬರು ಮಾತನಾಡಿಸದವರಾಗಿರಬೇಕು. ಊರಿನಲ್ಲಿ ಅಂಥ ಜೋಡಿಗೇನೂ ಬರವಿರಲಿಲ್ಲ. ಶಾಲೆಯ ಮಾಸ್ತರರಿಗೂ ಕಿರಾಣಿ ಅಂಗಡಿಯ ವೀರಭದ್ರಪ್ಪನಿಗೂ ಗಟಾರದ ಜಗಳದಲ್ಲಿ ಮಾತು ಬಿಟ್ಟುಹೋಗಿತ್ತು. "ಇಬ್ರೂ ಕೂಡಿ ಸುಳ್ಳು ಹೇಳಾಕ ಆಗೂದಿಲ್ಲಲ್ರಿ" ಎನ್ನುತ್ತಿದ್ದಳು.

ಆಗ ನಾನು ರಾಣೆಬೆನ್ನೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಗುಂಡಿ ಒತ್ತುವ ಮೊಬೈಲು ಕೆಲವರ ಕೈಗಷ್ಟೇ ಬಂದಿದ್ದ ಕಾಲ. ಕುಮಾರಪಟ್ಟಣದ ಕೆಳಗೆ ತುಂಗಭದ್ರೆಯ ದಂಡೆಯಲ್ಲಿದ್ದ ಆ ಊರಿನಲ್ಲಿ, ಹೊಳೆ ಏರಿದರೆ ಯಾರನ್ನು ಹೇಗೆ ಸಾಗಿಸಬೇಕೆಂದು ಪಟ್ಟಿ ಮಾಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ನಡೆಯಲಾರದವರು, ಕಣ್ಣು ಕಾಣದವರು ಮೊದಲು ಎಂದು ಆದೇಶ. ನೀಲವ್ವ ಹೊಳೆ ಓಣಿಯ ಕಡೆಯ ಮನೆಯಲ್ಲಿ ಒಬ್ಬಳೇ ಇದ್ದು ಕೌದಿ ಹೊಲಿಯುತ್ತಿದ್ದಳು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎರಡೂ ಕಾಲು ಸೋತಿದ್ದವು. ಅಂಗೈಗಳಿಗೆ ಹವಾಯಿ ಚಪ್ಪಲಿ ತೊಟ್ಟು, ನೆಲಕ್ಕೆ ಊರಿ, ಸರಸರ ಬರುತ್ತಿದ್ದಳು.

ಹೆಸರು ಬರೆಯತೊಡಗಿದೊಡನೆ ಕೇಳಿದಳು: "ಯಾಕ ಬರಕೊಳ್ಳಾಕತ್ತೀರಿ? ಮನಿ ಬಿಡಸಾಕೇನು?"

"ಇಲ್ಲ ಯವ್ವಾ, ಹೊಳಿ ಬಂದ್ರ ನಿಮ್ಮನ್ನ ಉಳಸಾಕ."

"ಇಷ್ಟ ದಿನಾ ಇಲ್ಲದ ಮಮತಾ ಈಗ ಎಲ್ಲಿಂದ ಬಂತ್ರಿ?"

ನನಗೂ ಆಕೆಯ ಮೇಲೆ ಅನುಮಾನವೇ. ಇಷ್ಟು ಪ್ರಶ್ನೆ ಕೇಳುವವಳಿಗೆ ಒಳಗೊಳಗೇ ಏನೋ ಬೇಕಿರಬೇಕು, ಸರಕಾರಿ ಮನೆಯೋ ಮೂರು ಗಾಲಿಯ ಸೈಕಲ್ಲೋ ಎಂದುಕೊಂಡೆ. ಕಚೇರಿಯಲ್ಲಿ ಕೂತವನ ಬುದ್ಧಿ ಅದು. ಕೈ ಮುಗಿದವರನ್ನೇ ನಂಬುವುದಿಲ್ಲ, ಮುಗಿಯದವರ ಮಾತಂತೂ ಕೇಳಲೇಬೇಡಿ.

ಪಟ್ಟಿಯ ಕೊನೆಯ ಕಾಲಮ್ಮು ಷರಾ. ಅದರ ಅಗಲ ಎರಡು ಬೆರಳು. 'ಎತ್ತಿಕೊಂಡು ಹೋಗಬೇಕು' ಎಂದು ಬರೆಯಲು ಜಾಗ ಸಾಲದೆ, ನೀಲವ್ವನ ಹೆಸರಿನ ಮುಂದೆ 'ಎತ್ತು' ಎಂದಷ್ಟೇ ಬರೆದೆ. ಒಂದು ಪ್ರತಿ ಪಂಚಾಯ್ತಿಗೆ ಹೋಯಿತು, ಇನ್ನೊಂದು ಹೊಳೆ ಓಣಿಯವರನ್ನು ಸಾಗಿಸಬೇಕಿದ್ದ ಟ್ರ್ಯಾಕ್ಟರಿನ ಫಕ್ಕೀರಪ್ಪನಿಗೆ.

ವಾರ ಕಳೆಯುವುದರೊಳಗೆ ನೀಲವ್ವ ಪಂಚಾಯ್ತಿಯ ಪ್ರತಿ ಇಸಿದುಕೊಂಡು, ಬಸ್ಸು ಹತ್ತಿ ಕಚೇರಿಗೇ ಬಂದಳು. ಮಾಸ್ತರರು ಅದನ್ನು ಓದಿ, ನಿನ್ನನ್ನು ಎತ್ತಿಕೊಂಡು ಹೋಗುತ್ತಾರೆ ಎಂದಿದ್ದರಂತೆ. ವೀರಭದ್ರಪ್ಪ ಓದಿ, ನಿನ್ನ ಹೆಸರಿಗೆ ಒಂದು ಎತ್ತು ಬರೆದಿದ್ದಾರೆ ಎಂದಿದ್ದನಂತೆ.

"ಇದರಾಗ ಖರೇ ಯಾವುದ್ರಿ ಸಾಹೇಬ್ರ? ನಾ ಎತಗೊಂಡು ಹೋಗೂ ಹೆಣಮಗಳೋ, ಹಗ್ಗಾ ಹಿಡದು ಜಗ್ಗೂ ಎತ್ತೋ?"

ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ. ಎಲ್ಲರಿಗೂ ತಿಳಿಯುತ್ತದೆ ಹೋಗಿ ಎಂದೆ. ಆಕೆ ನಗಲಿಲ್ಲ. "ತಿಳಿತೈತಿ ಅಂದ್ರ ಒಮ್ಮೆ ಮಾಡಿ ತೋರಸ್ರಿ" ಎಂದು ಬಾಗಿಲಿಗೇ ಅಡ್ಡ ಕುಳಿತಳು. ಸಂಜೆಯೊಳಗೆ ತಹಶೀಲ್ದಾರರು ತಾಲೀಮಿಗೆ ಒಪ್ಪಬೇಕಾಯಿತು.

ತಾಲೀಮಿನ ದಿನ ಫಕ್ಕೀರಪ್ಪ ಟ್ರ್ಯಾಕ್ಟರು ತಂದ. ಟ್ರೇಲರಿನಲ್ಲಿ ದನ ಹತ್ತಿಸುವ ಹಲಗೆ, ಹಗ್ಗ, ಒಂದು ಹೊರೆ ಮೇವು. ನೇರವಾಗಿ ಹಿತ್ತಲಿಗೆ ಹೋಗಿ, "ನೀಲಕ್ಕಾ, ಎತ್ತು ಎಲ್ಲಿ ಕಟ್ಟೀದಿ?" ಎಂದ. ನೆರೆದವರು ಬಿದ್ದು ಬಿದ್ದು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಹೊಳೆ ನಿಜಕ್ಕೂ ಬಂದಿದ್ದರೆ ಅವನು ಎತ್ತು ಕಾಣದೆ ತಿರುಗಿ ಹೋಗುತ್ತಿದ್ದ, ಆಕೆ ಒಳಗೇ ಉಳಿಯುತ್ತಿದ್ದಳು.

ಅಂದು ಆಕೆಯ ಕಟ್ಟೆಯ ಮೇಲೆ ಕೂತು, ಷರಾ ಗಿರಾ ಬಿಟ್ಟು, ಆಕೆ ಹೇಳಿದಂತೆಯೇ ಬರೆದೆ. "ಮೊದಲ ನನ್ನ ಕೇಳಬೇಕು, ಆಮ್ಯಾಲ ಮುಟ್ಟಬೇಕು. ಬಗಲಾಗ ಕೈ ಹಾಕಿ ಜಗ್ಗಬಾರದು. ಕೌದಿ ಮ್ಯಾಲ ಕುಂದರಿಸಿ ನಾಕೂ ಮೂಲಿ ಹಿಡೀಬೇಕು. ಚಪ್ಲಿ ಬಿಟ್ಟು ಬರಬಾರದು, ಅವಿಲ್ಲಂದ್ರ ನಾ ಇಟ್ಟಲ್ಲೇ ಇರೂ ಮೂಟಿ."

"ಫಕ್ಕೀರಪ್ಪ ಬರ್ತಾನ" ಎಂದೆ.

"ಅಂವ ಅವತ್ತ ಹಾವೇರಿಗೆ ಹೋಗಿದ್ರ?"

ಎರಡನೆಯ ಹೆಸರು ಬರೆದೆ.

"ಅಂವ ಕುಡದು ಬಿದ್ದಿದ್ರ?"

ಮೂರನೆಯದನ್ನೂ ಬರೆದೆ. ಪಕ್ಕದ ಮನೆಯ ಕುರುಡ ಅಜ್ಜ ಸಿದ್ಲಿಂಗಪ್ಪನಿಗೂ ಹೀಗೇ ಮೂವರನ್ನು ಬರೆಸಿದಳು.

ಮುಂದಿನ ಮಳೆಗಾಲಕ್ಕೆ ಹೊಳೆ ಬಂದೇ ಬಂತು. ಫಕ್ಕೀರಪ್ಪ ಅಂದು ನಿಜಕ್ಕೂ ಹಾವೇರಿಯಲ್ಲಿದ್ದ. ಎರಡನೆಯವನು ಮೂವರನ್ನು ಕರೆತಂದು, ಕೇಳಿ, ಕೌದಿಯಲ್ಲಿ ಕೂರಿಸಿ, ಆಕೆಯನ್ನು ಶಾಲೆಗೆ ತಂದ. ಅಲ್ಲಿ ನಾನು ಪಟ್ಟಿಗೆ ಗುರುತು ಹಾಕುತ್ತಿದ್ದೆ. ಅಜ್ಜನೂ ಬಂದನೆಂದು ಯಾರೋ ಹೇಳಿದರು, ಗುರುತು ಹಾಕಿದೆ.

"ನೀವು ನೋಡಿದ್ರೇನು?" ಎಂದಳು ನೀಲವ್ವ.

ನೋಡಿರಲಿಲ್ಲ. ಆಕೆಯನ್ನು ತಂದವರನ್ನೇ ಕರೆದುಕೊಂಡು ಓಡಿದೆ. ಅಜ್ಜ ಮೊಣಕಾಲುದ್ದ ನೀರಿನಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಆಮೇಲೆ ನನಗೆ ಬ್ಯಾಡಗಿಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ನನ್ನ ಜಾಗದಲ್ಲಿದ್ದವನು ಫೋನ್ ಮಾಡಿದ. ಹೊಸ ಪಟ್ಟಿ ತಯಾರಾಗುತ್ತಿತ್ತು. "ನೀಲವ್ವ ಅನ್ನೋರು ತೀರಿಕೊಂಡಾರಂತ್ರಿ, ಹೆಸರು ಹೊಡದ ಹಾಕ್ಲೇನು?" 'ಅಂತ್ರಿ' ಎಂಬುದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. "ಯಾರೋ ಹೇಳಿದ್ರಂತ ಹೊಡೀತಿಯೇನು? ಮುಟ್ಟಬ್ಯಾಡ" ಎಂದು ಗದರಿ ಫೋನ್ ಇಟ್ಟೆ.

ಮರುದಿನ ರಜೆ ಹಾಕಿ, ಮೋಟೆಬೆನ್ನೂರಿನಲ್ಲಿ ಬಸ್ಸು ಹಿಡಿದು ಹೋದೆ. ಹೆಸರು ಅದಲುಬದಲಾಗಿರಬೇಕು, ಬದುಕಿದ್ದವರನ್ನು ಕಾಗದದಲ್ಲಿ ಸಾಯಿಸುವುದು ನಮ್ಮವರಿಗೆ ಹೊಸದೇನಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಹೊಳೆ ಓಣಿಯ ಕಡೆಯ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಕಟ್ಟೆಯ ಮೇಲೆ ಸಿದ್ಲಿಂಗಪ್ಪಜ್ಜ ಕೂತಿದ್ದ. 'ಅಜ್ಜಾ' ಎಂದು ಅವನ ಪಕ್ಕದಲ್ಲಿ ಕುಳಿತೆ. ಬಂದವನು ನಾನೇ ಎಂದು ಅಜ್ಜನಿಗೆ ದನಿಯಿಂದಲೇ ತಿಳಿಯಿತು.

"ಹ್ವಾದ ಅಮಾಸಿಗೆ ಆತ್ರಿ ಸಾಹೇಬ್ರ. ಅವರಿವರು ಹೇಳಿದ್ದು ನಾನೂ ನಂಬಲಿಲ್ಲ. ಹೋಗಿ ಮಾರಿ ಮುಟ್ಟಿ ನೋಡೇನಿ."